ಕ್ಯಾತಪ್ಪನ ಕಪಾಟು: ಎರಡು ಶೀಟ್ ಪ್ಲೈವುಡ್‌ನಲ್ಲಿ ಮುಗಿಯದ ಕೆಲಸ

ಕಳೆದ ಭಾನುವಾರ ಕ್ಯಾತಪ್ಪನ ಗೂಡಿನ ಬಾಗಿಲು ಮೊದಲ ಸಲ ಒಂದೇ ಕೈಯಲ್ಲಿ ಮುಚ್ಚಿತು. ಈ ಗೂಡನ್ನು ಎರಡು ವಾರದಲ್ಲಿ ಕಟ್ಟಿ ಮುಗಿಸುತ್ತೇನೆ ಎಂದು ಫೆಬ್ರವರಿಯಲ್ಲಿ ಮನೆಯಲ್ಲಿ ಹೇಳಿದ್ದೆ. ಈಗ ಆಗಸ್ಟ್. ಖರ್ಚು, ಅಳತೆ, ಎಡವಟ್ಟು ಎಲ್ಲವನ್ನೂ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಕ್ಯಾತಪ್ಪ ಹಸಿರು ಇಗ್ವಾನಾ, ದೊಡ್ಡ ಜಾತಿಯ ಹಲ್ಲಿ. ಇವನ ಜಾತಿಯ ಊರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಇವನ ಈಗಿನ ಊರು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವ, ನಾಲ್ಕನೇ ಮಹಡಿ. ಹೆಸರಿಟ್ಟದ್ದು ಅಮ್ಮ. ಕುಮಟಾದಿಂದ ಬಂದ ಅವಳಿಗೆ ಬೆನ್ನ ಮೇಲೆ ಮುಳ್ಳಿರುವ ಯಾವ ಹಲ್ಲಿಯೂ ಓತಿಕ್ಯಾತವೇ.

ಫೆಬ್ರವರಿ 2: ಬಂದ ದಿನ

ಠಾಣೆಯ ಸಹೋದ್ಯೋಗಿಯೊಬ್ಬರಿಗೆ ವರ್ಗವಾಯಿತು. ಎರಡು ವರ್ಷದ ಇಗ್ವಾನಾವನ್ನು ಕರೆದುಕೊಂಡು ಹೋಗಲು ಆಗಲಿಲ್ಲ. ಮೂಗಿನಿಂದ ಬಾಲದ ತುದಿವರೆಗೆ 92 ಸೆಂ.ಮೀ. ಅದರಲ್ಲಿ ಮೂರರಲ್ಲಿ ಎರಡು ಪಾಲು ಬಾಲವೇ. ಜೊತೆಗೆ ಬಂದದ್ದು ಮೂರು ಅಡಿಯ ಹಳೇ ಮೀನಿನ ತೊಟ್ಟಿ. ಅದರಲ್ಲಿ ಅವನು ಓರೆಯಾಗಿ ಮಲಗಬೇಕು, ತಿರುಗಬೇಕಾದರೆ ಬಾಲವನ್ನು ಗಾಜಿಗೆ ಒತ್ತಿ ಮಡಚಬೇಕು.

ಕಾಗದದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಾಡುಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಇಗ್ವಾನಾ ಇದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಇಂಥ ಪ್ರಾಣಿಗಳು ನಾಲ್ಕನೇ ಅನುಸೂಚಿಗೆ ಬಂದವು. 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಒಬ್ಬರಿಂದ ಒಬ್ಬರಿಗೆ ಕೊಟ್ಟರೂ ತಿಳಿಸಬೇಕು. ಹಳೆಯ ಯಜಮಾನರ ನೋಂದಣಿ ಸರಿಯಾಗಿತ್ತು. ಅರ್ಜಿ ತುಂಬಲು ನನಗೆ ಎರಡು ಸಂಜೆ ಹಿಡಿಯಿತು. ಪ್ರಿಂಟ್ ತೆಗೆದು ಫೈಲಿನಲ್ಲಿಟ್ಟೆ. ಆ ಫೈಲ್ ಮುಂದೆ ಮಾನ ಉಳಿಸಿತು.

ಫೆಬ್ರವರಿ 8: ಅಳತೆ

ಈ ಇಡೀ ಕೆಲಸದ ಅತಿ ದೊಡ್ಡ ತಪ್ಪು ಇಲ್ಲೇ ಆದದ್ದು. ಅವತ್ತು ನನಗದು ಜಾಣತನ ಅನ್ನಿಸಿತ್ತು.

ಪ್ಲೈವುಡ್ ಶೀಟ್ 8 ಅಡಿ ಉದ್ದ, 4 ಅಡಿ ಅಗಲ. ನಾನು ಕಾಗದದ ಮೇಲೆ ಗೆರೆ ಎಳೆದು ನೋಡಿದೆ. ಪೆಟ್ಟಿಗೆ 6 ಅಡಿ ಎತ್ತರ, 4 ಅಡಿ ಅಗಲ, 2 ಅಡಿ ಆಳ ಇದ್ದರೆ ಒಂದು ಶೀಟಿನಲ್ಲಿ ಹಿಂಬದಿ ಬರುತ್ತದೆ, ಉಳಿದ ತುಂಡೇ ಮೇಲಿನ ಮುಚ್ಚಳ. ಇನ್ನೊಂದು ಶೀಟನ್ನು ಉದ್ದಕ್ಕೆ ಸೀಳಿದರೆ ಎರಡು ಪಕ್ಕ, ಉಳಿದದ್ದು ತಳ. ಎರಡು ಶೀಟಿನಲ್ಲಿ ಇಡೀ ಪೆಟ್ಟಿಗೆ, ಒಂದು ಚೂರೂ ವ್ಯರ್ಥವಿಲ್ಲ! ಆಳ 3 ಅಡಿ ಮಾಡಿದರೆ ನಾಲ್ಕು ಶೀಟ್ ಬೇಕು. ಐದು ಸಾವಿರ ಉಳಿಯಿತು ಎಂದು ಹೆಂಡತಿಗೆ ಚಿತ್ರ ತೋರಿಸಿ ಬೀಗಿದೆ. ಅವಳು, "ಅಂವ ಬೆಳೆಯೋದಿಲ್ವಾ?" ಎಂದಳು. ನಾನು ಎತ್ತರ ಇದೆಯಲ್ಲ ಎಂದೆ. ಇಗ್ವಾನಾ ಮರ ಹತ್ತುವ ಪ್ರಾಣಿ, ಎತ್ತರ ಬೇಕೇ ಬೇಕು. ಅದು ನಿಜ. ಆದರೆ ಕೊಂಬೆಯ ಮೇಲೂ ಅವನು ತಿರುಗಬೇಕಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಮನುಷ್ಯರಿಗೆ. ಬಾಲ ಇರುವವರಿಗೆ ಆಗಿಬರುವುದಿಲ್ಲ.

ಫೆಬ್ರವರಿ 15, 16: ಪೆಟ್ಟಿಗೆ

ಮಾನ್‌ಪಾಡಾ ರಸ್ತೆಯ ಅಂಗಡಿಯಿಂದ 18 ಎಂಎಂ ಪ್ಲೈ ಎರಡು ಶೀಟ್, 5,000 ರೂಪಾಯಿ. ಅಂಗಡಿಯಲ್ಲೇ ಕತ್ತರಿಸಲು 400, ಟೆಂಪೋಗೆ 500. ಕತ್ತರಿಸಿಕೊಂಡೇ ತಂದದ್ದು ಒಳ್ಳೆಯದಾಯಿತು. 8 ಅಡಿ ಶೀಟ್ ನಮ್ಮ ಲಿಫ್ಟಿನಲ್ಲಿ ಹಿಡಿಯುವುದಿಲ್ಲ. ಒಂದು ವಿಷಯ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಗರಗಸದ ಬ್ಲೇಡ್ ಪ್ರತಿ ಸೀಳಿಗೂ 3 ಎಂಎಂ ತಿನ್ನುತ್ತದೆ. ಹಾಗಾಗಿ ಎಲ್ಲ ತುಂಡೂ ಕೂದಲೆಳೆ ಗಿಡ್ಡ. ಮಿಸ್ತ್ರಿ ನಕ್ಕು ಪಟ್ಟಿ ಹೊಡೆದು ಸರಿ ಮಾಡಿದ.

ಅಂಗಡಿಯವನು ಎರಡು ಬಗೆ ತೋರಿಸಿದ್ದ. ಐಎಸ್ 303 ಮಾನದಂಡದ ಮಾಮೂಲಿ ಎಂಆರ್ ಪ್ಲೈ ಮತ್ತು ಐಎಸ್ 710 ಮಾನದಂಡದ ಮರೈನ್ ಪ್ಲೈ. ಮರೈನ್ ಶೀಟಿಗೆ 4,200. ದೋಣಿ ಕಟ್ಟುತ್ತಿಲ್ಲವಲ್ಲ ಎಂದುಕೊಂಡು ಎಂಆರ್ ತಂದೆ. ಎಂಆರ್ ಎಂದರೆ ತೇವ ತಡೆಯುವಂಥದ್ದು, ನೀರು ತಡೆಯುವಂಥದ್ದಲ್ಲ. ಇಗ್ವಾನಾಗೆ ನೂರಕ್ಕೆ 70ರಷ್ಟು ತೇವಾಂಶದ ಗಾಳಿ ಬೇಕು, ದಿನಾ ನೀರು ಚಿಮುಕಿಸಬೇಕು, ಮುಳುಗಿ ಕೂರಲು ಟಬ್ ಬೇಕು. ಇದನ್ನೆಲ್ಲ ಓದಿದ ಮೇಲೂ ಎಂಆರ್ ತಂದೆ.

ಮಿಸ್ತ್ರಿಗೆ ಎರಡು ದಿನದ ಕೂಲಿ 2,400. ಪೆಟ್ಟಿಗೆ ಖಾಲಿಯಾಗಿಯೇ 70 ಕಿಲೋ ಇರಬೇಕು. ಚಕ್ರ ಹಾಕೋಣವಾ ಎಂದು ಮಿಸ್ತ್ರಿ ಕೇಳಿದ. ಬೇಡ, ಇದು ಎಲ್ಲಿಗೂ ಹೋಗುವುದಿಲ್ಲ ಎಂದೆ.

ಫೆಬ್ರವರಿ 22: ಬಣ್ಣ, ಬಾಗಿಲು

ಒಳಗೆ ನೀರು ಬೆರೆಸುವ ಪಾಲಿಯುರಿಥೇನ್ ವಾರ್ನಿಷ್ ಮೂರು ಕೋಟ್. ಮೂಲೆಗಳಿಗೆ ಸಿಲಿಕೋನ್. ಇದು ಒಣಗುವಾಗ ವಿನೆಗರ್ ವಾಸನೆ ಬರುತ್ತದೆ. ಆ ವಾಸನೆ ಪೂರ್ತಿ ಹೋಗುವವರೆಗೆ ಪ್ರಾಣಿಯನ್ನು ಒಳಗೆ ಬಿಡಬಾರದು. ನಾನು ಒಂದು ವಾರ ಬಾಗಿಲು ತೆರೆದಿಟ್ಟೆ. ಬಣ್ಣ, ಸ್ಕ್ರೂ, ಎಲ್ ಪಟ್ಟಿ, ಸಿಲಿಕೋನ್ ಎಲ್ಲ ಸೇರಿ 2,350.

ಮುಖಕ್ಕೆ ಬಳಿದಷ್ಟು ವಾರ್ನಿಷನ್ನು ಅಂಚಿಗೆ ಬಳಿಯಲಿಲ್ಲ. ಫ್ಯಾನಿಗೆ ಕೊರೆದ ತೂತಿನ ಒಳಅಂಚಿಗಂತೂ ಒಂದು ಕೋಟೂ ಇಲ್ಲ. ಪ್ಲೈ ನೀರು ಕುಡಿಯುವುದು ಅಂಚಿನಿಂದಲೇ. ನಿಮಗೆ ಒಂದೇ ಕೋಟ್ ಬಳಿಯುವಷ್ಟು ವಾರ್ನಿಷ್ ಇದ್ದರೆ ಅಂಚಿಗೆ ಬಳಿಯಿರಿ.

ಮುಂದೆ 4 ಎಂಎಂ ಅಕ್ರಿಲಿಕ್‌ನ ಎರಡು ಜಾರುಬಾಗಿಲು, ಅಲ್ಯೂಮಿನಿಯಂ ಚಾನೆಲ್ ಸಮೇತ 3,600. ಗಾಜಿಗಿಂತ ಹಗುರ, ಸುಲಭವಾಗಿ ಒಡೆಯುವುದಿಲ್ಲ. ಆದರೆ ಬಾಗುತ್ತದೆ. ಅದು ಗೊತ್ತಾದದ್ದು ಆಮೇಲೆ.

ಮಾರ್ಚ್ 1: ಕರೆಂಟ್

ವೈರು, ಹೋಲ್ಡರ್ ತರಲು ಮುಂಬೈಯ ಕರೆಂಟ್ ಸಾಮಾನಿನ ಪೇಟೆ ಲೋಹಾರ್ ಚಾಲ್‌ಗೆ ಹೋದೆ. ಡೊಂಬಿವಲಿಯಲ್ಲೂ ಸಿಗುತ್ತದೆ, ನನಗೆ ಆ ಗಲ್ಲಿ ಸುತ್ತುವ ಚಟ ಅಷ್ಟೇ. ಮೊದಲು ಮನೆಯಲ್ಲಿದ್ದ ಪ್ಲಾಸ್ಟಿಕ್ ಹೋಲ್ಡರಿಗೆ ಹ್ಯಾಲೊಜನ್ ಬಲ್ಬ್ ಹಾಕಿ ಪರೀಕ್ಷೆ ಮಾಡಿದ್ದೆ. ಮೂರು ಗಂಟೆಯಲ್ಲಿ ಹೋಲ್ಡರ್ ಮೆತ್ತಗಾಗಿ ಸೊಟ್ಟಗಾಯಿತು. ಪಿಂಗಾಣಿ ಹೋಲ್ಡರ್ 60 ರೂಪಾಯಿ. ಇದರಲ್ಲಿ ಜಿಪುಣತನ ಬೇಡ.

ಬಲ್ಬುಗಳು, ಹೋಲ್ಡರ್, ಬಲ್ಬಿನ ಸುತ್ತ ಜಾಲರಿ ಸೇರಿ 900. ಜಾಲರಿ ಇಲ್ಲದಿದ್ದರೆ ಇಗ್ವಾನಾ ಬಿಸಿ ಬಲ್ಬನ್ನೇ ಅಪ್ಪಿಕೊಂಡು ಸುಟ್ಟುಕೊಳ್ಳುತ್ತದೆ. ಥರ್ಮೋಸ್ಟಾಟ್, ಎರಡು ತೇವಾಂಶ ಮಾಪಕ, ಬಂದೂಕಿನಂಥ ಇನ್‌ಫ್ರಾರೆಡ್ ಥರ್ಮಾಮೀಟರ್ 2,650. ಕಂಪ್ಯೂಟರಿಗೆ ಹಾಕುವ 12 ವೋಲ್ಟಿನ ಎರಡು ಫ್ಯಾನ್ ಮತ್ತು ಅಡಾಪ್ಟರ್ 1,050. ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್, ವೈರು 1,900. ನೀರು ಮತ್ತು ಕರೆಂಟು ಒಂದೇ ಪೆಟ್ಟಿಗೆಯಲ್ಲಿರುವಾಗ ಇದಿಲ್ಲದೆ ಸ್ವಿಚ್ ಹಾಕಬೇಡಿ. ವೈರಿಂಗ್ ನಾನು ಮಾಡಿದೆ, ಕಟ್ಟಡದ ಎಲೆಕ್ಟ್ರಿಷಿಯನ್ ಬಂದು ನೋಡಿ ಎರಡು ಜೋಡಣೆ ಬಿಚ್ಚಿ ಮತ್ತೆ ಕಟ್ಟಿದ.

ಅತಿ ದುಬಾರಿ ಸಾಮಾನು ಯುವಿಬಿ ಟ್ಯೂಬ್, ಅಂದರೆ ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ದೀಪ. ತೆಳುವಾದ ಟಿ5 ಬಗೆ, 39 ವ್ಯಾಟ್, 34 ಇಂಚು, ಶೇ. 12 ಯುವಿಬಿಯದ್ದು. ಪಟ್ಟಿ ಸಮೇತ 5,400. ಈ ಬೆಳಕಿಲ್ಲದಿದ್ದರೆ ಇಗ್ವಾನಾದ ಮೈಯಲ್ಲಿ ವಿಟಮಿನ್ ಡಿ3 ಆಗುವುದಿಲ್ಲ, ತಿಂದ ಕ್ಯಾಲ್ಸಿಯಂ ಮೂಳೆಗೆ ಹೋಗುವುದಿಲ್ಲ, ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ.

ಇಷ್ಟು ಗೊತ್ತಿದ್ದೂ ಟ್ಯೂಬನ್ನು ಅವನು ಮುಟ್ಟದಿರಲಿ ಎಂದು ಅದರ ಕೆಳಗೆ 5 ಎಂಎಂ ಗಾಜಿನ ಪಟ್ಟಿ ಕೂರಿಸಿದೆ. ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ಬಿದ್ದಿದ್ದ ತುಂಡು, ಸುಮ್ನೆ ಸಿಕ್ಕಿತ್ತು.

ಮಾರ್ಚ್ 8: ಗೃಹಪ್ರವೇಶ

ಅಮ್ಮ ಬಾಗಿಲಿಗೆ ಮಾವಿನ ಎಲೆ ಸಿಕ್ಕಿಸಿದಳು. ಕ್ಯಾತಪ್ಪ ಒಳಗೆ ಹೋಗಿ ಸೀದಾ ಮೇಲಿನ ಕೊಂಬೆ ಹತ್ತಿದ. ಹಿಂಬದಿ ಗೋಡೆಗೆ ಅಂಟಿಸಿದ್ದ ಗಡಿಯಾರದಂಥ ಥರ್ಮಾಮೀಟರ್ 31 ಡಿಗ್ರಿ ತೋರಿಸುತ್ತಿತ್ತು. ನನಗೆ ಖುಷಿ.

ಅರ್ಧ ಗಂಟೆಯಲ್ಲಿ ಅವನು ಬಾಯಿ ತೆರೆದುಕೊಂಡು ಕೆಳಗಿಳಿದ. ಬಂದೂಕು ಹಿಡಿದು ಕೊಂಬೆಯ ಮೇಲ್ಮೈ ನೋಡಿದರೆ 51 ಡಿಗ್ರಿ! ಬಲ್ಬಿಗೂ ಕೊಂಬೆಗೂ 18 ಸೆಂ.ಮೀ. ಅಷ್ಟೇ ಅಂತರ. ಕೊಂಬೆ ಇಳಿಸಿ 25 ಮಾಡಿದೆ, 42 ಡಿಗ್ರಿ. 32 ಸೆಂ.ಮೀ.ಗೆ ಇಳಿಸಿದಾಗ 37 ಬಂತು. ಅಲ್ಲಿಗೆ ನಿಲ್ಲಿಸಿದೆ. ಕೆಳಗಿನ ತಂಪು ಮೂಲೆ 28. ಗೋಡೆಯ ಥರ್ಮಾಮೀಟರನ್ನು ಕಿತ್ತು ಮಗಳಿಗೆ ಆಟಕ್ಕೆ ಕೊಟ್ಟೆ. ಅವನು ಕೂರುವ ಜಾಗದ ಬಿಸಿ ಗೋಡೆಗೆ ಗೊತ್ತಾಗುವುದಿಲ್ಲ.

ಅದೇ ವಾರ ಬಾಗಿಲ ಮೇಲೆ ಬಿಳಿ ಚುಕ್ಕೆಗಳು ಕಂಡವು. ವಾರ್ನಿಷ್ ಏಳುತ್ತಿದೆ ಎಂದು ಗಾಬರಿಯಾಗಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ಅದು ಉಪ್ಪು. ಇಗ್ವಾನಾ ಹೆಚ್ಚಾದ ಉಪ್ಪನ್ನು ಸೀನಿ ಹೊರಹಾಕುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಮಾರ್ಚ್ 31: ಗಾಜಿನ ಪಟ್ಟಿ

ಮುಲುಂಡ್‌ನಲ್ಲಿ ಹಕ್ಕಿ, ಆಮೆ, ಹಾವುಗಳನ್ನು ನೋಡುವ ವೈದ್ಯರಿದ್ದಾರೆ. ತಪಾಸಣೆಗೆ ಹೋದಾಗ ಗೂಡಿನ ಫೋಟೋ ತೋರಿಸಿದೆ, ಹೊಗಳಲಿ ಎಂದೇ. ಅವರು ಫೋಟೋ ದೊಡ್ಡದು ಮಾಡಿ, "ಟ್ಯೂಬಿನ ಕೆಳಗೆ ಏನದು, ಗಾಜಾ?" ಎಂದರು.

ಸಾಮಾನ್ಯ ಗಾಜು ಯುವಿಬಿಯನ್ನು ಬಿಡುವುದಿಲ್ಲ. 23 ದಿನ ನಾನು 5,400 ರೂಪಾಯಿಯ ಟ್ಯೂಬಿನಿಂದ ಗಾಜಿಗೆ ಬಿಸಿಲು ಕಾಯಿಸಿದ್ದೆ. ಕ್ಯಾತಪ್ಪನಿಗೆ ಸಿಕ್ಕಿದ್ದು ಬರೀ ಬೆಳಕು. ಮುಚ್ಚಿದ ಕಿಟಕಿಯಿಂದ ಬರುವ ಬಿಸಿಲಿನ ಕಥೆಯೂ ಇದೇ. ವೈದ್ಯರು ದವಡೆ, ಕೈಕಾಲು ಒತ್ತಿ ನೋಡಿ ಸದ್ಯಕ್ಕೆ ಗಟ್ಟಿಯಾಗಿದೆ ಎಂದರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗಾಜು ಬಿಚ್ಚಿದೆ. ಅದರ ಬದಲು ಅರ್ಧ ಇಂಚು ಕಣ್ಣಿನ ಜಾಲರಿ. ಸೊಳ್ಳೆ ಜಾಲರಿಯಂಥ ಸಣ್ಣ ಕಣ್ಣಿನದು ಹಾಕಿದರೆ ಅದೂ ಸಾಕಷ್ಟು ಯುವಿಬಿ ನುಂಗುತ್ತದೆ. ಟ್ಯೂಬಿನ ತುದಿಗೆ ಮಾರ್ಕರಿನಲ್ಲಿ ದಿನಾಂಕ ಬರೆದಿದ್ದೇನೆ. ಉರಿಯುತ್ತಿದ್ದರೂ ಯುವಿಬಿ ಕಡಿಮೆಯಾಗುತ್ತಾ ಹೋಗುತ್ತದೆ, ಒಂದು ವರ್ಷದೊಳಗೆ ಬದಲಿಸಬೇಕು.

ಏಪ್ರಿಲ್, ಮೇ

ಸೆಖೆಯಲ್ಲಿ ನಮ್ಮ ಹಾಲ್‌ನಲ್ಲೇ ಮಧ್ಯಾಹ್ನ 35. ಬಲ್ಬ್ ಬೆಳಿಗ್ಗೆ ಎರಡು ಗಂಟೆ ಸಾಕಾಯಿತು, ಆಮೇಲೆ ಫ್ಯಾನ್ ಎರಡೂ ಪೂರ್ತಿ. ವಿದೇಶದ ವೀಡಿಯೊ ನೋಡಿ ಬಿಸಿ ಹೊರಗೆ ಹೋಗದಂತೆ ಪೆಟ್ಟಿಗೆ ಮುಚ್ಚಿದ್ದೆ. ಅವರಿಗೆ ಹಿಮ ಬೀಳುತ್ತದೆ. ನನಗೆ ಬೇಕಾಗಿದ್ದದ್ದು ಬಿಸಿ ಹೊರಗೆ ಹೋಗುವ ದಾರಿ. ಮುಚ್ಚಳದಲ್ಲಿ ಜಿಗ್ ಸಾ ಹಿಡಿದು 30 ಸೆಂ.ಮೀ. ಅಗಲದ ಇನ್ನೊಂದು ಕಿಂಡಿ ಕೊರೆದು ಜಾಲರಿ ಹೊಡೆದೆ. ಅದರ ಅಂಚಿಗೆ ಮಾತ್ರ ಮರೆಯದೆ ವಾರ್ನಿಷ್ ಬಳಿದೆ.

ಮೇ ಮೊದಲ ವಾರ ಅಕ್ರಿಲಿಕ್ ಬಾಗಿಲು ಬಿಸಿಗೆ ಬಾಗಿ ಚಾನೆಲಿನಿಂದ ಹೊರಬಂತು. ಬೆಳಿಗ್ಗೆ ಐದೂವರೆಗೆ ಅಮ್ಮ ಕೂಗಿದಳು. ಕ್ಯಾತಪ್ಪ ಪರದೆಯ ಸರಳಿನ ಮೇಲೆ. ಉಡದ ಪಟ್ಟು ಅನ್ನುತ್ತೇವಲ್ಲ, ಇಗ್ವಾನಾದ ಪಟ್ಟೂ ಕಡಿಮೆಯಿಲ್ಲ. ಬಾಲ ಹಿಡಿದು ಎಳೆಯುವ ಹಾಗಿಲ್ಲ, ಕಳಚಿ ಬೀಳುತ್ತದೆ. ಪರದೆಯನ್ನೇ ಸರಳಿನ ಸಮೇತ ಬಿಚ್ಚಿ ಇಳಿಸಬೇಕಾಯಿತು. ಬಾಗಿಲಿಗೆ ತಾತ್ಕಾಲಿಕವಾಗಿ ಎರಡು ಸಿ ಕ್ಲ್ಯಾಂಪ್ ಹಾಕಿದೆ. ಆ ತಾತ್ಕಾಲಿಕ ಜುಲೈವರೆಗೆ ನಡೆಯಿತು.

ಅವತ್ತು ಕಿಟಕಿಯಲ್ಲಿ ಅವನನ್ನು ಕಂಡ ಎದುರು ಬಿಲ್ಡಿಂಗಿನವರು ಯಾರೋ ಘೋರ್ಪಡ್ ಸಾಕಿದ್ದಾರೆ ಎಂದು ಸುದ್ದಿ ಹಬ್ಬಿಸಿದರು. ಮರಾಠಿಯಲ್ಲಿ ಘೋರ್ಪಡ್ ಎಂದರೆ ಉಡ. ಉಡ ಸಾಕುವುದು ಅಪರಾಧ, ಅದು ಒಂದನೇ ಅನುಸೂಚಿಯ ಪ್ರಾಣಿ. ಸಂಜೆ ಸೊಸೈಟಿ ಸೆಕ್ರೆಟರಿ ಕಾಕಾ ಇಬ್ಬರನ್ನು ಕರೆದುಕೊಂಡು ಬಂದರು. ಫೈಲ್ ತೋರಿಸಿದೆ, ಚಹಾ ಕೊಟ್ಟೆವು. "ಏನು ತಿನ್ನುತ್ತದೆ?" ಎಂದು ಮರಾಠಿಯಲ್ಲಿ ಕೇಳಿದರು. ನುಗ್ಗೆಸೊಪ್ಪು, ದಾಸವಾಳದ ಎಲೆ ಮತ್ತು ಹೂ, ಸಿಹಿಗುಂಬಳ, ಅಪರೂಪಕ್ಕೆ ಪಪ್ಪಾಯಿ ಎಂದೆ. ಕಾಕಾ ಮುಖ ಅರಳಿತು. "ಅಂದರೆ ಶುದ್ಧ ಶಾಕಾಹಾರಿ!" ಸೊಸೈಟಿಯಲ್ಲಿ ಈಗ ನಮಗಿಂತ ಅವನಿಗೆ ಮರ್ಯಾದೆ ಜಾಸ್ತಿ.

ಮೇ ಕೊನೆಗೆ ಮಳೆಗಾಲದ ಮುಂಚಿನ ಮರ ಸವರುವ ಕೆಲಸ ನಡೆದಾಗ ಆವರಣದ ಪೇರಲ ಮರದ ಎರಡು ಕೊಂಬೆ ಸಿಕ್ಕವು. ಅವನ ಮೈಯಷ್ಟೇ ದಪ್ಪ, ಕವಲು ಚೆನ್ನಾಗಿತ್ತು. ಕುದಿಯುವ ನೀರು ಸುರಿದು, ಉಜ್ಜಿ, ಟೆರೇಸಿನಲ್ಲಿ ನಾಲ್ಕು ದಿನ ಒಣಗಿಸಿದೆ. ಅಂಗಡಿಯಲ್ಲಿ ಇಂಥದ್ದೇ ಕೊಂಬೆಗೆ 1,800 ಹೇಳಿದ್ದರು.

ಜೂನ್ 22: ತಳ ಹೋಯಿತು

ಮಳೆ ಹಿಡಿದು ಎರಡು ವಾರ. ಟಬ್ ಎತ್ತಿದಾಗ ಅದರ ಕೆಳಗಿನ ಪ್ಲೈ ಹಪ್ಪಳದಂತೆ ಉಬ್ಬಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಯಿತು. ಮೂಗಿಗೆ ಮುಗ್ಗಲು ವಾಸನೆ ಬೇರೆ. ಆ ವಾಸನೆ ತಳದ್ದಲ್ಲ. ಪೆಟ್ಟಿಗೆ ಸರಿಸಿ ನೋಡಲು ಚಕ್ರ ಇಲ್ಲ. ಪಕ್ಕದ ಮನೆಯ ಇಬ್ಬರು ಹುಡುಗರನ್ನು ಕರೆದು ಎಳೆದರೆ ಹಿಂಬದಿ ಪೂರ್ತಿ ಕಪ್ಪು ಬೂಸ್ಟು.

ನಾನು ಪೆಟ್ಟಿಗೆ ಇಟ್ಟದ್ದು ಹೊರಗೋಡೆಗೆ ಒತ್ತಿ. ಮಳೆಗಾಲದಲ್ಲಿ ಆ ಗೋಡೆ ನೀರು ಜಿನುಗುತ್ತದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಫೆಬ್ರವರಿಯಲ್ಲಿ ಗೋಡೆ ಒಣಗಿತ್ತು, ನನಗೆ ಮರೆತಿತ್ತು. ಹಿಂಬದಿಗೆ ವಾರ್ನಿಷೂ ಬಳಿದಿರಲಿಲ್ಲ, ಯಾರು ನೋಡುತ್ತಾರೆ ಎಂದು.

ಅದೇ ದಿನ ಕ್ಯಾತಪ್ಪನನ್ನು ಅಳೆದೆ. 108 ಸೆಂ.ಮೀ. ಪೆಟ್ಟಿಗೆಯ ಆಳ 61. ಬಾಲದ ತುದಿ ಎರಡು ಇಂಚು ಗೋಡೆಗೆ ಉಜ್ಜಿ ಉಜ್ಜಿ ಕಪ್ಪಾಗಿತ್ತು. ಹೆಂಡತಿ ಏನೂ ಅನ್ನಲಿಲ್ಲ. ಎರಡು ಶೀಟಿನ ಆ ಚಿತ್ರ ಫ್ರಿಜ್ ಮೇಲೆ ಇನ್ನೂ ಅಂಟಿಕೊಂಡಿತ್ತು, ಅದನ್ನು ಒಮ್ಮೆ ನೋಡಿದಳು ಅಷ್ಟೇ.

ಜುಲೈ 5ರಿಂದ 27: ಮತ್ತೆ ಮೊದಲಿಂದ, ಅರ್ಧ

ಕ್ಯಾತಪ್ಪ ಮೂರು ವಾರ ಬಾತ್‌ರೂಮಿನಲ್ಲಿದ್ದ. ಬಲ್ಬನ್ನೂ ಟ್ಯೂಬನ್ನೂ ಅಲ್ಲೇ ಮೇಲಿನಿಂದ ಇಳಿಬಿಟ್ಟು, ನೀರು ಸಿಡಿಯದ ಮೂಲೆ ನೋಡಿ ಕಟ್ಟಿದ್ದೆ. ನಾವು ಐದು ಜನ ಒಂದೇ ಬಾತ್‌ರೂಮ್ ಹಂಚಿಕೊಂಡೆವು. ಹೆಚ್ಚು ಹೇಳುವುದಿಲ್ಲ.

ಒಂದು ಮರೈನ್ ಶೀಟ್ ತಂದೆ, 4,200. ಅದರಲ್ಲಿ ಹಿಂಬದಿ ಮತ್ತು ತಳ ಎರಡೂ ಬಂದವು. ಈ ಸಲ ಎರಡೂ ಮುಖ, ನಾಲ್ಕೂ ಅಂಚು ಬಳಿದದ್ದು ಜೋಡಿಸುವ ಮೊದಲೇ. ಮಳೆಯಲ್ಲಿ ಒಂದೊಂದು ಕೋಟ್ ಒಣಗಲು ಎರಡೆರಡು ದಿನ. ಬಣ್ಣದ ಖರ್ಚು 900, ಮಿಸ್ತ್ರಿಗೆ ಒಂದು ದಿನ 1,200. ಬ್ರೇಕ್ ಇರುವ ಆರು ಚಕ್ರ 1,080. ಈಗ ಪೆಟ್ಟಿಗೆ ಒಳಗೋಡೆಯ ಪಕ್ಕ, ಗೋಡೆಗೂ ಅದಕ್ಕೂ ನಾಲ್ಕು ಇಂಚು ಗಾಳಿ.

ಆಳ ಹೇಗೆ ಹೆಚ್ಚಿಸುವುದು? ಪಕ್ಕದ ಹಲಗೆಗಳಿಗೆ ತುಂಡು ಸೇರಿಸಿದರೆ ಜೋಡಿಸಿದಲ್ಲಿ ನೀರು ಇಳಿಯುತ್ತದೆ. ಉಪಾಯ ಹೇಳಿದ್ದು ಗಾಜಿನ ತುಂಡು ಕೊಟ್ಟಿದ್ದ ಅದೇ ಅಲ್ಯೂಮಿನಿಯಂ ಕಿಟಕಿಯವರು. ಮುಂಬೈಯಲ್ಲಿ ಕಿಟಕಿಗೆ ಗ್ರಿಲ್ ಹೊರಚಾಚಿ ಗಿಡ ಇಡುವುದಿಲ್ವಾ, ಹಾಗೆಯೇ ಪೆಟ್ಟಿಗೆಯ ಮುಂದೆ ಒಂದು ಅಡಿ ಹೊರಚಾಚಿದ ಚೌಕಟ್ಟು. ಪಕ್ಕಕ್ಕೆ ಪಿವಿಸಿ ಲೇಪದ ಜಾಲರಿ, ತಳಕ್ಕೆ ಎಸಿಪಿ ಎಂಬ ಅಲ್ಯೂಮಿನಿಯಂ ಹೊದಿಕೆಯ ಶೀಟ್, ಮುಂದೆ ಕೀಲಿನ ಮೇಲೆ ತೆರೆಯುವ ಎರಡು ಬಾಗಿಲು. ಹಳೇ ಅಕ್ರಿಲಿಕ್ಕನ್ನೇ ಕತ್ತರಿಸಿ ಚೌಕಟ್ಟಿನೊಳಗೆ ಕೂರಿಸಿದರು, ಇನ್ನು ಬಾಗುವುದಿಲ್ಲ. ಒಟ್ಟು 6,500. ಆಳ ಈಗ 3 ಅಡಿ. ಜಾಲರಿಯಿಂದ ಗಾಳಿಯೂ ಸರಿಹೋಯಿತು. ಮಳೆಗಾಲದಲ್ಲಿ ತೇವಾಂಶಕ್ಕೆ ನಾನೇನೂ ಮಾಡಬೇಕಿಲ್ಲ, ಮೀಟರ್ ತಾನಾಗಿಯೇ 80 ದಾಟಿ ನಿಂತಿರುತ್ತದೆ.

ಜಾಲರಿಯ ಕತ್ತರಿಸಿದ ತುದಿಗಳನ್ನು ಒಳಗೆ ಬಿಟ್ಟಿದ್ದರು. ಬೆರಳು ಆಡಿಸಿದಾಗ ರಕ್ತ ಬಂತು. ಅವನು ಮೂಗು ಉಜ್ಜುವ ಜಾಗ ಅದೇ. ಎಲ್ಲ ತುದಿಗೂ ಅಲ್ಯೂಮಿನಿಯಂ ಪಟ್ಟಿ ಹೊಡೆಸಿದೆ.

ಖರ್ಚು: ಮೊದಲ ಸಲ 26,150. ಎರಡನೇ ಸಲ 13,880. ಒಟ್ಟು 40,030. ಐದು ಸಾವಿರ ಉಳಿಸಿದ ಲೆಕ್ಕ ಇದರಲ್ಲಿ ಎಲ್ಲಿದೆ ಎಂದು ನಾನೂ ಹುಡುಕಿದೆ.

ಆಗಸ್ಟ್ 10

ಬಾಗಿಲು ಮುಚ್ಚಿದ ಭಾನುವಾರ ಮಧ್ಯಾಹ್ನವೇ ತಂಪು ಮೂಲೆಯ ಮೀಟರ್ 34 ತೋರಿಸಿತು. ಹೊರಗೆ ಧೋ ಎಂದು ಮಳೆ, ಹಾಲ್‌ನಲ್ಲಿ 28. ಥರ್ಮೋಸ್ಟಾಟ್ ನೋಡಿದೆ, ಸರಿ ಇದೆ. ಫ್ಯಾನ್ ತಿರುಗುತ್ತಿದೆ. ಸೆನ್ಸರ್ ವೈರ್ ಎಳೆದು ನೋಡಿದೆ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಸ್ಟೂಲ್ ಹತ್ತಿದೆ. ಮುಚ್ಚಳದ ಕಿಂಡಿಯ ಮೇಲೆ ಮಗಳ ಆರು ಜೊತೆ ಸ್ಕೂಲ್ ಕಾಲುಚೀಲ, ಅಪ್ಪನ ಮಫ್ಲರ್, ಎರಡು ಕೈವಸ್ತ್ರ.

"ಅಲ್ಲಿ ಬೆಚ್ಚಗಿರ್ತದೆ ಮಾರಾಯ, ಬೇಗ ಒಣಗ್ತದೆ," ಎಂದಳು ಅಮ್ಮ. "ಈ ಊರಿನ ಮಳೆಯಲ್ಲಿ ಬೇರೆ ಎಲ್ಲಿ ಒಣಗಿಸೋದು?"

ಕಿಂಡಿಗಿಂತ ಒಂದು ಅಡಿ ಮೇಲೆ, ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ ಕಟ್ಟಿದ್ದೇನೆ. ಎರಡು ಮೊಳೆ, 40 ರೂಪಾಯಿ. ಮೀಟರ್ 28ಕ್ಕೆ ಇಳಿದಿದೆ, ಕಾಲುಚೀಲಗಳು ಸಂಜೆಯೊಳಗೆ ಒಣಗುತ್ತಿವೆ.